ಹೊಲದ ಕರಿಕಲ್ಲು ಉಲ್ಕಾಶಿಲೆಯೇ?

ಪ್ರಶ್ನೆ: ಉಲ್ಕಾಶಿಲೆಯಲ್ಲಿ ಏನೇನಿರುತ್ತದೆ? ಹೊಲದಲ್ಲಿ ಸಿಕ್ಕರೆ ಗುರುತಿಸುವುದು ಹೇಗೆ?
– ಓದುಗರೊಬ್ಬರು, ಸಿರವಾರ

ಉತ್ತರ: ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಲ್ಲಿನವೇ. ಒಲಿವಿನ್, ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜಗಳೇ ಅವುಗಳ ಮೈ. ಹೆಚ್ಚಿನವುಗಳಲ್ಲಿ ನಡುನಡುವೆ ಕಬ್ಬಿಣ-ನಿಕಲ್ ಕಣಗಳು ಹುದುಗಿರುತ್ತವೆ. ಕೆಲವು ಬಹುಪಾಲು ಲೋಹದವೇ. ಕಲ್ಲು, ಲೋಹ ಎರಡೂ ಸರಿಸುಮಾರು ಸಮನಾಗಿ ಬೆರೆತವು ತೀರಾ ವಿರಳ. ಬಹುತೇಕ ಎಲ್ಲವೂ ಕ್ಷುದ್ರಗ್ರಹಗಳ ಚೂರುಗಳು. ಹೆಚ್ಚಿನವುಗಳ ವಯಸ್ಸು ಸುಮಾರು 456 ಕೋಟಿ ವರ್ಷ!

ಕನ್ನಡ ನಾಡಿಗೆ ಇವು ಹೊಸಬರಲ್ಲ. 1865ರಲ್ಲಿ ಮದ್ದೂರು ಸೀಮೆಯಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದವು. 2008ರ ಸೆಪ್ಟೆಂಬರ್ 12ರಂದು ಗಡಿಯಾಚೆ ತಮಿಳುನಾಡಿನಲ್ಲಿ, ಹೊಸೂರಿನಾಚೆಯ ಶೂಲಗಿರಿ ಬಳಿ ಬಿದ್ದದ್ದರ ತೂಕ ಸುಮಾರು 110 ಕಿಲೋ. ಮೂರೂ ಕಲ್ಲಿನ ಜಾತಿಯವೇ.

ಇನ್ನು ಗುರುತಿನ ಮಾತು. ವಾತಾವರಣವನ್ನು ಸೀಳಿ ಬರುವಾಗ ಮೇಲ್ಮೈ ಕರಗುವುದರಿಂದ ಹೊಸದಾಗಿ ಬಿದ್ದ ಕಲ್ಲಿಗೆ ತೆಳ್ಳನೆಯ ಕಪ್ಪು ಪದರವಿರುತ್ತದೆ. ಗಾತ್ರಕ್ಕೆ ಮೀರಿದ ತೂಕವಿರುತ್ತದೆ. ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುತ್ತದೆ.

ಆದರೆ ಅಯಸ್ಕಾಂತವೊಂದನ್ನೇ ನಂಬಬಾರದು. ಕಬ್ಬಿಣದ ಅದಿರೂ ಹಳೆಯ ಕುಲುಮೆಗಳ ಕಿಟ್ಟವೂ ಅದಕ್ಕೆ ಅಂಟಬಹುದು. ಕಿಟ್ಟದಲ್ಲಿ ಗುಳ್ಳೆಯ ತೂತುಗಳಿರುತ್ತವೆ; ಉಲ್ಕಾಶಿಲೆಯಲ್ಲಿ ಅವು ಇಲ್ಲವೆನ್ನುವಷ್ಟು ಅಪರೂಪ. ಕೊನೆಯ ತೀರ್ಪು ಪ್ರಯೋಗಾಲಯದ ನಿಕಲ್ ಮತ್ತು ಖನಿಜ ಪರೀಕ್ಷೆಯದು. ಅನುಮಾನ ಬಂದರೆ ಕಲ್ಲನ್ನು ಒಡೆಯದೆ, ತೊಳೆಯದೆ, ಬಿದ್ದಿದ್ದ ಜಾಗದ ಫೋಟೊ ಸಮೇತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಿ.