ಚಿತ್ರಕಾರನ ಮನೆಯ ಸರಕು

ಚಿತ್ರಕಾರನು ಕೂಡಿಟ್ಟ ವಸ್ತುಗಳು ಅವನ ಕೈಯನ್ನು ತಿದ್ದುತ್ತವೆಯೆ? ಡಚ್ ಕಲಾವಿದ ರೆಂಬ್ರಾಂಟ್ 1656ರಲ್ಲಿ ದಿವಾಳಿಯಾದಾಗ ಅವನ ಮನೆಯ ಸರಕಿನ ಪಟ್ಟಿಯನ್ನು ಬರೆದರು. ಅದರಲ್ಲಿ 363 ನಮೂದುಗಳು: ಚಿಪ್ಪು, ಹವಳ, ಆಯುಧ, ಪ್ರತಿಮೆ, ಚಿತ್ರಗಳ ಕಂತೆ. ನಮ್ಮ ಮೊಗಲ್ ಕಿರುಚಿತ್ರಗಳನ್ನು ನೋಡಿ ಅವನು ಬರೆದ 20ಕ್ಕೂ ಹೆಚ್ಚು ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಮರದಡಿ ಕುಳಿತ ನಾಲ್ವರು ವೃದ್ಧರ ಚಿತ್ರ ಅವುಗಳಲ್ಲೊಂದು. 1656ರಲ್ಲಿಯೇ ತಾಮ್ರದ ತಗಡಿನಲ್ಲಿ ಕೊರೆದ ಅಚ್ಚುಚಿತ್ರವೊಂದರಲ್ಲಿ, ಅಬ್ರಹಾಮನ ಮನೆಗೆ ಬಂದ ದೇವದೂತರನ್ನು ಅವನು ಅದೇ ವೃದ್ಧರಂತೆ ನೆಲದ ಮೇಲೆ ಕೂರಿಸಿದ. ಸರಕು ಹರಾಜಾಯಿತು, ಆ ಭಂಗಿ ಮಾತ್ರ ಉಳಿಯಿತು.

ನಮ್ಮ ಪಿ. ಆರ್. ತಿಪ್ಪೇಸ್ವಾಮಿಯವರ ದಾರಿ ಬೇರೆ. ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯ ಅವರು ಜಲವರ್ಣದಲ್ಲಿ ನುರಿತವರು. ಹಳ್ಳಿಗಳನ್ನು ಸುತ್ತಿ ತಂದ ವಸ್ತುಗಳು ಅವರ ಅಟ್ಟಕ್ಕಲ್ಲ, 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಈ ಅಲೆದಾಟದ ಫಲವನ್ನು ಅವರ ಭೂದೃಶ್ಯಗಳಲ್ಲಿ ತೊಗಲುಗೊಂಬೆಯ ಬಣ್ಣವಾಗಿ ಹುಡುಕಬಾರದು. ಹಳ್ಳಿಯ ಗೋಡೆ, ಮರ, ಬಿಸಿಲುಗಳೊಡನೆ ಬೆಳೆದ ಸಲಿಗೆಯಾಗಿ ಕಾಣಬೇಕೆಂದು ನನ್ನ ಎಣಿಕೆ.

ಕೊತ್ತಗೆರೆಯ ಕಡೆ ಸೋಮನ ಕುಣಿತ ನೋಡಿ ಬೆಳೆದವನು ನಾನು. ಆ ಕೆಂಪು ಮುಖವನ್ನು ಒಮ್ಮೆ ಸಂಗ್ರಹಾಲಯವೊಂದರ ಗಾಜಿನ ಹಿಂದೆ ಕಂಡು ಕಸಿವಿಸಿಗೊಂಡೆ. ಮೌರಿಯ ದನಿಯಿಲ್ಲದೆ ಸೋಮನೆಂಥವನು! ಆದರೆ ಹಾಗೆ ಆಕ್ಷೇಪಿಸಲು ನನಗೆ ಬಾಯಿಲ್ಲ. ತಾತನ ಕಾಲದ ಹಿತ್ತಾಳೆಯ ದೀಪಗಳನ್ನು ಅಟ್ಟದಿಂದಿಳಿಸಿ ತೂಕಕ್ಕೆ ಮಾರಿದವನೂ ನಾನೇ. ಅವುಗಳ ಹಿಡಿಯ ಮೇಲಿದ್ದ ಹಕ್ಕಿ ಯಾವ ಕಡೆಗೆ ಮುಖಮಾಡಿತ್ತೆಂದು ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.