ಕರಿಯ ನೇಯ್ಗೆಯ ಕವಚ: ಕ್ರೀಡಾ ಕಾರುಗಳ ಇಂಗಾಲದ ಹೊರಮೈ

ಮೋಟಾರು ಕಾರಿನ ಹೊರಮೈ ಎಂದೊಡನೆ ಉಕ್ಕಿನ ತಗಡು ನೆನಪಿಗೆ ಬರುವುದು ಸಹಜ. ಅದು ಅಗ್ಗವಾದುದು, ಒತ್ತುಯಂತ್ರದಲ್ಲಿ ಕ್ಷಣಾರ್ಧದಲ್ಲಿ ಬೇಕಾದ ಆಕಾರವನ್ನು ತಳೆಯುತ್ತದೆ, ತಗ್ಗು ಬಿದ್ದರೆ ಸುತ್ತಿಗೆಯಿಂದ ತಟ್ಟಿ ಸರಿಪಡಿಸಬಹುದು. ಅದರ ದೊಡ್ಡ ದೋಷವೆಂದರೆ ಭಾರ. ವೇಗವೇ ಮುಖ್ಯವಾದ ಕ್ರೀಡಾ ಕಾರುಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ಆದುದರಿಂದಲೇ ಜಪಾನ್, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಇಂತಹ ಕಾರುಗಳ ಮಾಲೀಕರು ಬಾನೆಟ್, ಡಿಕ್ಕಿಯ ಮುಚ್ಚಳ, ಮಡ್‌ಗಾರ್ಡ್ ಮುಂತಾದ ಭಾಗಗಳನ್ನು ಕಳಚಿ, ಅವುಗಳ ಸ್ಥಾನದಲ್ಲಿ ಕಾರ್ಬನ್ ಫೈಬರ್, ಅಂದರೆ ಇಂಗಾಲದ ನಾರಿನಿಂದ ಮಾಡಿದ ಭಾಗಗಳನ್ನು ಜೋಡಿಸಿಕೊಳ್ಳುವ ರೂಢಿ ಬೆಳೆದಿದೆ. ಇವನ್ನು ಸಾಮಾನ್ಯವಾಗಿ ಕಾರು ತಯಾರಿಸಿದ ಕಂಪನಿಯಲ್ಲ, ಬೇರೆ ಕಾರ್ಖಾನೆಗಳು ಮಾಡಿ ಮಾರುತ್ತವೆ. ಕಪ್ಪಗೆ ಕನ್ನಡಿಯಂತೆ ಹೊಳೆಯುವ, ಒಳಗೆ ಓರೆ ನೇಯ್ಗೆಯ ಗೆರೆಗಳು ಮಿನುಗುವ ಈ ಫಲಕಗಳು ಹೊರನೋಟಕ್ಕೆ ಒಂದೇ ತೆರನಾಗಿರುತ್ತವೆ. ಆದರೆ ಒಂದರ ಒಳಗೆ ವಿಮಾನದ ರೆಕ್ಕೆಗೆ ಸಲ್ಲುವ ಕುಶಲತೆ ಅಡಗಿದ್ದರೆ, ಇನ್ನೊಂದರೊಳಗೆ ಗಾಜುನಾರಿನ ಮೇಲೆ ಹೊದಿಸಿದ ಒಂದು ತೆಳುಬಟ್ಟೆ ಮಾತ್ರ ಇರಬಹುದು. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಈ ಭೇದವು ಚಾಲಕನ ಪ್ರಾಣದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಇಂಗಾಲದ ನಾರು ಗಣಿಯಲ್ಲಿ ದೊರೆಯುವ ವಸ್ತುವಲ್ಲ. ಎಡಿಸನ್ 1879ರಲ್ಲಿ ತನ್ನ ವಿದ್ಯುದ್ದೀಪದಲ್ಲಿ ಉರಿಸಿದ್ದು ಸುಟ್ಟು ಇಂಗಾಲವಾಗಿಸಿದ ಹತ್ತಿಯ ನೂಲನ್ನೇ. ಆದರೆ ಅದಕ್ಕೆ ಬಲವಿರಲಿಲ್ಲ. 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಎಂಬ ಭೌತವಿಜ್ಞಾನಿ ಇಂಗಾಲದ ಎಳೆಯಲ್ಲಿ ಎಂತಹ ಅಸಾಧಾರಣ ಬಲ ಅಡಗಿದೆ ಎಂಬುದನ್ನು ತೋರಿಸಿಕೊಟ್ಟನು. ಅನಂತರ ಜಪಾನಿನ ಒಸಾಕಾದಲ್ಲಿ ಅಕಿಯೋ ಶಿಂಡೋ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಲಿಯಂ ವಾಟ್ ಮತ್ತು ಅವನ ಸಂಗಡಿಗರು ಅದನ್ನು ಹೆಚ್ಚಿನ ಪ್ರಮಾಣದಲ್ಲಿ ತಯಾರಿಸುವ ದಾರಿಯನ್ನು ಕಂಡುಕೊಂಡರು. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಕಚ್ಚಾವಸ್ತು, ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲಿನ ಹತ್ತಿರದ ಬಂಧು. ಅದನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ನೂಲು ಉರಿಯುವುದಿಲ್ಲ; ಇಂಗಾಲವಲ್ಲದ ಅಂಶಗಳು ಹೊಗೆಯಾಗಿ ಹೊರಟುಹೋಗುತ್ತವೆ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಹೀಗೆ ದೊರೆತ ಎಳೆ ತಲೆಗೂದಲಿನ ದಪ್ಪದಲ್ಲಿ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಕಾರಿನ ಫಲಕಗಳಿಗೆ ಸಾಮಾನ್ಯವಾಗಿ ಇಂತಹ 3000 ಎಳೆಗಳ ಒಂದೊಂದು ಕಟ್ಟನ್ನು ಹಾಸಿಗೂ ಹೊಕ್ಕಿಗೂ ಬಳಸಿ ಮಗ್ಗದಲ್ಲಿ ಬಟ್ಟೆ ನೇಯುತ್ತಾರೆ. ಒಂದು ಕಟ್ಟು ಎರಡರ ಮೇಲೆ ಹಾಯ್ದು ಎರಡರ ಕೆಳಗೆ ನುಸುಳುವುದರಿಂದ ಆ ಪ್ರಸಿದ್ಧವಾದ ಓರೆಗೆರೆ ಮೂಡುತ್ತದೆ.

ಈ ಬಟ್ಟೆ ಸೀರೆಯಂತೆಯೇ ಜೋಲುವ ಬಟ್ಟೆ. ಎಪಾಕ್ಸಿಯಂತಹ ರಾಳದಲ್ಲಿ ನೆನೆದು ಗಟ್ಟಿಯಾದಾಗಲೇ ಅದು ಫಲಕವಾಗುವುದು. ಎಳೆತವನ್ನು ನಾರು ಹೊರುತ್ತದೆ. ನಾರನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಕೆಲಸ ರಾಳದ್ದು. ಬಿದಿರಿನ ಗಳುವನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಬಿದಿರನ್ನು ಅಡ್ಡಲಾಗಿ ಮುರಿಯುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ. ಇಂಗಾಲದ ನಾರೂ ಅಂತೆಯೇ: ನಾರು ಓಡುವ ದಿಕ್ಕಿನಲ್ಲಿ ಉಕ್ಕನ್ನೂ ಮೀರಿಸುವ ಬಲ, ಅಡ್ಡದಿಕ್ಕಿನಲ್ಲಿ ಕೇವಲ ರಾಳದ ಬಲ. ಆದುದರಿಂದ ಯಾವ ಪದರವನ್ನು ಯಾವ ಕೋನದಲ್ಲಿ ಹಾಸಬೇಕೆಂಬುದನ್ನು ಮೊದಲೇ ಲೆಕ್ಕಹಾಕಬೇಕು. ಕಬ್ಬಿಣದ ವ್ಯಾಪಾರಿಯಿಂದ ತಗಡು ಕೊಂಡಂತೆ ಇದನ್ನು ಕೊಳ್ಳಲಾಗದು. ಇಲ್ಲಿ ವಸ್ತುವೂ ಆಕಾರವೂ ಒಟ್ಟಿಗೇ ಹುಟ್ಟುತ್ತವೆ.

ಹೊಸ ವಸ್ತುವಿನ ಮೇಲಿನ ಅತಿಯಾದ ನಂಬಿಕೆಗೆ ಬೆಲೆ ತೆತ್ತವರೂ ಉಂಟು. ರೋಲ್ಸ್ ರಾಯ್ಸ್ ಕಂಪನಿಯು ತನ್ನ ಆರ್.ಬಿ. 211 ಜೆಟ್ ಎಂಜಿನ್ನಿಗೆ ಇಂಗಾಲದ ನಾರಿನ ಬೀಸಣಿಗೆ ಅಲಗುಗಳನ್ನು ಯೋಜಿಸಿತ್ತು. ಹಕ್ಕಿ ಬಡಿದರೆ ಏನಾದೀತೆಂದು 1970ರಲ್ಲಿ ಪರೀಕ್ಷಿಸಿದಾಗ ಅವು ಚೂರಾದವು. ಎಂಜಿನ್ನಿನ ವೆಚ್ಚ ಮಿತಿಮೀರಿ 1971ರ ಫೆಬ್ರುವರಿಯಲ್ಲಿ ಆ ಮಹಾಸಂಸ್ಥೆಯೇ ದಿವಾಳಿಯೆದ್ದಿತು. ಹತ್ತು ವರ್ಷಗಳ ನಂತರ, 1981ರಲ್ಲಿ, ಜಾನ್ ಬರ್ನಾರ್ಡ್ ರೂಪಿಸಿದ ಮೆಕ್‌ಲಾರೆನ್ ಕಂಪನಿಯ ಫಾರ್ಮುಲಾ ಒನ್ ಕಾರು ಇಂಗಾಲದ ನಾರಿನ ಒಡಲನ್ನು ಹೊತ್ತು ಓಟಕ್ಕಿಳಿಯಿತು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ತಡೆಗೋಡೆಗೆ ಅಪ್ಪಳಿಸಿ ಎಂಜಿನ್ ಕಿತ್ತುಹೋಯಿತು; ವಾಟ್ಸನ್ ಮಾತ್ರ ಗಾಯವಿಲ್ಲದೆ ಹೊರಬಂದನು. ಶಂಕೆಯಿಂದ ನೋಡುತ್ತಿದ್ದವರ ಬಾಯಿ ಅಂದಿಗೆ ಕಟ್ಟಿತು. ರಸ್ತೆಯ ಕಾರುಗಳಲ್ಲಿ 1987ರ ಫೆರಾರಿ ಎಫ್-40, 1992ರ ಮೆಕ್‌ಲಾರೆನ್ ಎಫ್-1 ಇದೇ ದಾರಿ ಹಿಡಿದವು. 2000ದಲ್ಲಿ ನಿಸ್ಸಾನ್ ಕಂಪನಿಯು ತನ್ನ ಸ್ಕೈಲೈನ್ ಜಿ.ಟಿ.ಆರ್. ಆರ್-34ರ ಒಂದು ಮಾದರಿಗೆ ಇಂಗಾಲದ ಬಾನೆಟ್ಟನ್ನು ಕಾರ್ಖಾನೆಯಲ್ಲೇ ತೊಡಿಸಿತು. ಕಂಪನಿಯೇ ಮಾಡಿದ್ದನ್ನು ತಾವೇಕೆ ಮಾಡಬಾರದೆಂದು ಸಾಮಾನ್ಯ ಮಾಲೀಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಮಾರುಕಟ್ಟೆಯ ಫಲಕಗಳನ್ನು ಜಪಾನೀಯರು ‘ವೆಟ್’ ಮತ್ತು ‘ಡ್ರೈ’ ಎಂದು ಎರಡು ಬಗೆಯಾಗಿ ಹೇಳುತ್ತಾರೆ. ಒದ್ದೆ ಪದ್ಧತಿಯಲ್ಲಿ ಅಚ್ಚಿನೊಳಗೆ ಬಟ್ಟೆಯನ್ನು ಹಾಸಿ, ಕುಂಚದಿಂದಲೋ ಉರುಳೆಯಿಂದಲೋ ರಾಳವನ್ನು ಬಳಿದು, ಪದರದ ಮೇಲೆ ಪದರ ಕೂಡಿಸುತ್ತಾರೆ. ಇದಕ್ಕೆ ಬಂಡವಾಳ ಕಡಿಮೆ. ಆದರೆ ಬೇಕಾದುದಕ್ಕಿಂತ ಹೆಚ್ಚು ರಾಳ ಉಳಿಯುತ್ತದೆ, ಗಾಳಿಯ ಗುಳ್ಳೆಗಳು ಸೇರುತ್ತವೆ. ರಾಳವೆಂದರೆ ಭಾರವೇ ಹೊರತು ಬಲವಲ್ಲ. ಒಣ ಪದ್ಧತಿಯಲ್ಲಿ ರಾಳವನ್ನು ಕಾರ್ಖಾನೆಯಲ್ಲೇ ಅಳತೆಯಿಟ್ಟು ಸೇರಿಸಿದ ಬಟ್ಟೆಯನ್ನು ತರಿಸುತ್ತಾರೆ. ಅದನ್ನು ಹಾಳಾಗದಂತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ ಶೀತಲಪೆಟ್ಟಿಗೆಯಲ್ಲಿ ಇಡಬೇಕು. ಅಚ್ಚಿನಲ್ಲಿ ಹಾಸಿ, ಚೀಲ ಹೊದಿಸಿ ಗಾಳಿಯನ್ನು ಹೀರಿ ತೆಗೆದು, ಆಟೊಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸುತ್ತಾರೆ. ಇದನ್ನು ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣನೆನ್ನಬಹುದು. ವಾಯುಮಂಡಲದ ಹಲವು ಪಟ್ಟು ಒತ್ತಡ, 120 ಡಿಗ್ರಿಯ ಆಸುಪಾಸಿನ ಶಾಖ, ಗಂಟೆಗಟ್ಟಲೆ ಕಾಲ. ಕನ್ನಡಿಗರಿಗೆ ಈ ವಿದ್ಯೆ ದೂರದ್ದೇನೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಇಂತಹ ಒಲೆಗಳನ್ನು ಸ್ವತಃ ನಿರ್ಮಿಸಿದೆ. 2001ರ ಜನವರಿ 4ರಂದು ಬೆಂಗಳೂರಿನ ಬಾನಿಗೇರಿದ ತೇಜಸ್ ವಿಮಾನದ ಇಂಗಾಲನಾರಿನ ಭಾಗಗಳ ಹಿಂದೆ ಆ ಪ್ರಯೋಗಾಲಯದ ದುಡಿಮೆ ಇದೆ.

ಇಂಗಾಲದ ಫಲಕದಿಂದ ನಿಜವಾಗಿ ಎಷ್ಟು ಭಾರ ಇಳಿಯುತ್ತದೆ ಎಂಬುದನ್ನು ಶಾಲೆಯ ಲೆಕ್ಕದಿಂದಲೇ ಅಂದಾಜು ಮಾಡಬಹುದು. ನೇಯ್ದ ಇಂಗಾಲದ ಫಲಕದ ಸ್ಥಿತಿಸ್ಥಾಪಕ ಗುಣಾಂಕವು ಉಕ್ಕಿನದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಇದನ್ನು ಕೇಳಿದವರು ಅಚ್ಚರಿಪಡಬಹುದು. ಆದರೆ ತಗಡು ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನವನ್ನು ಅನುಸರಿಸುತ್ತದೆ: ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಮಡಿ. ಆದುದರಿಂದ 0.7 ಮಿಲಿಮೀಟರ್ ಉಕ್ಕಿನ ತಗಡಿಗೆ ಸರಿಗಟ್ಟಲು ಸುಮಾರು 1 ಮಿಲಿಮೀಟರ್ ಇಂಗಾಲದ ಫಲಕ ಸಾಕು. ಚದರ ಮೀಟರಿಗೆ ಉಕ್ಕು 5.5 ಕಿಲೋಗ್ರಾಂ ತೂಗಿದರೆ ಇದು 1.6 ಕಿಲೋಗ್ರಾಮಿನ ಸುತ್ತಮುತ್ತ. ನಡುವೆ ಜೇನುಗೂಡಿನಂತಹ ಹಗುರ ತಿರುಳನ್ನಿಟ್ಟು ಎರಡು ಬದಿಗೂ ತೆಳುಪದರ ಹೊದಿಸಿದರೆ ಲಾಭ ಇನ್ನೂ ಹೆಚ್ಚು. ಇದು ಚೆನ್ನಾಗಿ ಮಾಡಿದ ಫಲಕದ ಮಾತು. ಅಗ್ಗದ ಬಾನೆಟ್ಟುಗಳಲ್ಲಿ ಹೊರಗೆ ಇಂಗಾಲದ ಒಂದೇ ಪದರ, ಅದರ ಕೆಳಗೆ ಗಾಜುನಾರಿನ ದಪ್ಪ ಪದರಗಳು, ಒಳಗಿನ ಚೌಕಟ್ಟೂ ಗಾಜುನಾರು, ಮೇಲೆ ಹೊಳಪಿಗಾಗಿ ದಪ್ಪನೆಯ ಲೇಪ. ಹೋಂಡಾ ಎಸ್-2000 ಹಾಗೂ ಸ್ಕೈಲೈನ್ ಜಿ.ಟಿ.ಆರ್. ಆರ್-32 ಕಾರುಗಳ ಬಾನೆಟ್ ಮೂಲದಲ್ಲೇ ಅಲ್ಯೂಮಿನಿಯಂ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಅಲ್ಯೂಮಿನಿಯಂ ಚದರ ಮೀಟರಿಗೆ 2.7 ಕಿಲೋಗ್ರಾಂ ಮಾತ್ರ. ಅದನ್ನು ತೆಗೆದು ಅಗ್ಗದ ‘ಇಂಗಾಲ’ವನ್ನು ಹಾಕಿಕೊಂಡವನ ಕಾರು ಹಗುರವಾಗದೆ ಭಾರವಾಗುವ ಸಂಭವವೂ ಇದೆ. ತಕ್ಕಡಿಗಿಂತ ದೊಡ್ಡ ಸಾಕ್ಷಿ ಇಲ್ಲಿಲ್ಲ. ಫಲಕವನ್ನು ತಿರುಗಿಸಿ ಹಿಂಬದಿಯನ್ನು ನೋಡುವುದೂ ಒಳ್ಳೆಯ ಅಭ್ಯಾಸ. ನಿಜವಾದ ಫಲಕದ ಅಂಚಿನಲ್ಲಿಯೂ ನೇಯ್ಗೆ ಮುಂದುವರಿದಿರುತ್ತದೆ.

ಭಾರಕ್ಕಿಂತ ಗಂಭೀರವಾದುದು ಅಪಾಯದ ವಿಚಾರ. ಮೂಲ ಬಾನೆಟ್ಟು ಬರಿಯ ಮುಚ್ಚಳವಲ್ಲ. ಎದುರಿನಿಂದ ಡಿಕ್ಕಿಯಾದಾಗ ಅದು ನಡುವೆ ಮಡಚಿಕೊಳ್ಳುವಂತೆ ಒಳಚೌಕಟ್ಟಿನಲ್ಲಿ ಬೇಕೆಂದೇ ದುರ್ಬಲ ಸ್ಥಾನಗಳನ್ನು ಇರಿಸಿರುತ್ತಾರೆ. ಇಲ್ಲವಾದರೆ ಅದು ಹಿಂದಕ್ಕೆ ಸರಿದು ಮುಂಗಾಜಿನತ್ತ ನುಗ್ಗೀತು. ಅಚ್ಚಿನಿಂದ ಆಕಾರವನ್ನಷ್ಟೇ ನಕಲು ಮಾಡಿದವನಿಗೆ ಈ ಲೆಕ್ಕ ದಕ್ಕುವುದಿಲ್ಲ. ಇನ್ನೊಂದು, ಚಿಲಕ. ಉಕ್ಕಿನ ಬಾನೆಟ್ಟಿನಲ್ಲಿ ಚಿಲಕದ ಕೊಂಡಿಯನ್ನು ಬೆಸುಗೆಯಿಂದಲೋ ಬೋಲ್ಟಿನಿಂದಲೋ ಗಟ್ಟಿ ತಗಡಿಗೆ ಕಟ್ಟಿರುತ್ತಾರೆ. ಕಳಪೆ ಇಂಗಾಲದ ಬಾನೆಟ್ಟಿನಲ್ಲಿ ಅದು ತೆಳುಪದರಕ್ಕೆ ಅಂಟಿನಿಂದ ಹಿಡಿದಿರಬಹುದು. ಗಾಳಿಯ ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಅಂಟು ಬಿಟ್ಟ ಕ್ಷಣದಲ್ಲಿ ಬಾನೆಟ್ಟು ಮೇಲೆದ್ದು ಚಾಲಕನ ದೃಷ್ಟಿಯನ್ನೇ ಮುಚ್ಚುತ್ತದೆ. ಈ ಕಾರಣದಿಂದಲೇ ಅನೇಕ ತಯಾರಕರು ಮೂಲ ಚಿಲಕದ ಜೊತೆಗೆ ಎರಡು ಲೋಹದ ಪಿನ್ನುಗಳನ್ನು ಹಾಕಿಕೊಳ್ಳಬೇಕೆಂದು ತಾವೇ ತಿಳಿಸುತ್ತಾರೆ. ಆ ಪಿನ್ನುಗಳನ್ನು ಅಲಂಕಾರವೆಂದು ಭಾವಿಸಿ ತೆರೆದೇ ಬಿಡುವವರನ್ನು ಕಂಡರೆ ಮರುಕವಾಗುತ್ತದೆ. ಬಾಗಿಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರಸ್ತೆಯ ಕಾರಿನ ಬಾಗಿಲಿನೊಳಗೆ ಪಕ್ಕದ ಡಿಕ್ಕಿಯನ್ನು ತಡೆಯುವ ಉಕ್ಕಿನ ತೊಲೆ ಇರುತ್ತದೆ. ಓಟದ ಮೈದಾನಕ್ಕೆಂದೇ ಮಾಡಿದ ಹಗುರ ಬಾಗಿಲುಗಳಲ್ಲಿ ಅದು ಇರುವುದಿಲ್ಲ; ಅಲ್ಲಿ ಚಾಲಕನ ಸುತ್ತ ಕೊಳವೆಗಳ ಪಂಜರವಿರುತ್ತದೆ. ಪಂಜರವಿಲ್ಲದ ಕಾರಿಗೆ ಆ ಬಾಗಿಲನ್ನು ಹಾಕುವುದು ಅವಿವೇಕ.

ಬಿಸಿಲು ಈ ಫಲಕಗಳ ಮತ್ತೊಂದು ಶತ್ರು. ಅತಿನೇರಳೆ ಕಿರಣಗಳಿಗೆ ಎಪಾಕ್ಸಿ ರಾಳ ಹಳದಿಗಟ್ಟಿ ಮಂಕಾಗುತ್ತದೆ. ಅದನ್ನು ತಡೆಯುವ ಮೇಲ್ಲೇಪ ಕಡ್ಡಾಯವೆನ್ನಬೇಕು. ಕೆಳಗಿನಿಂದ ಎಂಜಿನ್ನಿನ ಬೇಗೆ, ಮೇಲಿನಿಂದ ಸೂರ್ಯನ ಬೇಗೆ ಸೇರಿದಾಗ ಕೆಳದರ್ಜೆಯ ರಾಳ ಮೆತ್ತಗಾಗಿ ಫಲಕ ಸೊಟ್ಟಗಾಗುವುದೂ ಉಂಟು. ಇಂಗಾಲವು ವಿದ್ಯುದ್ವಾಹಕವಾದ ಕಾರಣ, ಅದಕ್ಕೆ ನೇರವಾಗಿ ತಾಗಿದ ಅಲ್ಯೂಮಿನಿಯಂ ಭಾಗವು ಉಪ್ಪುನೀರಿನ ತೇವದಲ್ಲಿ ಬೇಗ ಸವೆಯುತ್ತದೆ. ನಡುವೆ ಗಾಜುನಾರಿನ ಒಂದು ಪದರವನ್ನಿಟ್ಟರೆ ಈ ತೊಂದರೆ ತಪ್ಪುತ್ತದೆ. ಗಾಜುನಾರು ಸರಿಯಾದ ಸ್ಥಾನದಲ್ಲಿ ಉಪಕಾರಿಯೇ.

ಜರ್ಮನಿಯಲ್ಲಿ ಇಂತಹ ಭಾಗಗಳಿಗೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿಲ್ಲದಿದ್ದರೆ ವಾಹನದ ಸಂಚಾರದ ಅನುಮತಿಯೇ ರದ್ದಾಗುವ ಸಂಭವವಿದೆ. ಭಾರತದಲ್ಲಿ ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಮುರಿದ ಇಂಗಾಲದ ಫಲಕವನ್ನು ಸುತ್ತಿಗೆಯಿಂದ ತಟ್ಟಿ ಸರಿಪಡಿಸಲಾಗುವುದಿಲ್ಲ. ಅದು ತಗ್ಗಾಗದೆ ಬಿರಿಯುತ್ತದೆ, ಅನೇಕ ವೇಳೆ ಹೊರಗೆ ಗುರುತೂ ಕಾಣದಂತೆ ಒಳಪದರಗಳು ಬಿಟ್ಟುಕೊಳ್ಳುತ್ತವೆ. ನುರಿತ ಕೆಲಸಗಾರರು ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಸ್ಥಳದಲ್ಲಿ ಕಣಕಣವೆನ್ನುವ ದನಿ, ಪದರ ಬಿಟ್ಟ ಸ್ಥಳದಲ್ಲಿ ಮಂಕು ದನಿ. ಅಷ್ಟು ಭಾಗವನ್ನು ಇಳಿಜಾರಾಗಿ ಉಜ್ಜಿ ತೆಗೆದು, ಮೊದಲಿನ ಕೋನಗಳಲ್ಲೇ ಹೊಸ ಪದರಗಳನ್ನು ಕೂಡಿಸಬೇಕು. ಉಜ್ಜುವಾಗ ಏಳುವ ಕಪ್ಪು ಧೂಳು ಚರ್ಮಕ್ಕೆ ತುರಿಕೆ ತರುತ್ತದೆ, ಶ್ವಾಸಕ್ಕೂ ಹಿತವಲ್ಲ. ವಿದ್ಯುತ್ ಉಪಕರಣದೊಳಗೆ ಹೊಕ್ಕರೆ ಸುಟ್ಟುಹಾಕಬಲ್ಲದು. ಆದುದರಿಂದ ಮುಖಕ್ಕೆ ಸೋಸುಗವಸು ಧರಿಸಿ, ಫಲಕವನ್ನು ನೀರಿನಿಂದ ತೇವವಾಗಿಟ್ಟುಕೊಂಡೇ ಈ ಕೆಲಸ ಮಾಡುತ್ತಾರೆ.