ಕಪಾಟಿನಲ್ಲಿಟ್ಟ ಕಡತಗಳ ಆಯುಷ್ಯ

ಗದಗ-ಬೆಟಗೇರಿಯ ಮುದ್ರಣಾಲಯಗಳ ಪುಟವಿನ್ಯಾಸಗಳಿಂದ ಹಿಡಿದು ಹೊಂಬಳದಂತಹ ಊರಿನ ಮನೆಗಳ ಮದುವೆ ವಿಡಿಯೊ ಹಾಗೂ ಹೊಲದ ಕಾಗದಪತ್ರಗಳವರೆಗೆ ಬಹಳಷ್ಟು ಸಂಗತಿಗಳು ಈಗ ಕಂಪ್ಯೂಟರ್ ಕಡತಗಳ ರೂಪ ತಾಳಿರುವುದರಿಂದ, ಅವುಗಳ ಪ್ರತಿಯನ್ನು ಯಾವ ಸಾಧನದಲ್ಲಿ ತೆಗೆದಿಟ್ಟರೆ ಹತ್ತಿಪ್ಪತ್ತು ವರ್ಷ ಉಳಿದೀತು ಎಂಬುದು ದೊಡ್ಡ ಕಚೇರಿಗಳಿಗಷ್ಟೇ ಸೇರಿದ ಪ್ರಶ್ನೆಯಾಗಿ ಉಳಿದಿಲ್ಲ. ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ಜೋಡಿಸದೆ ಬೇರೆಯಾಗಿ ಇಡುವ ಇಂತಹ ಪ್ರತಿಗೆ ಆಫ್‌ಲೈನ್ ಬ್ಯಾಕಪ್ ಎನ್ನುತ್ತಾರೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶವು ಜೋಡಿಸಿಟ್ಟ ಡಿಸ್ಕುಗಳನ್ನೂ ಬಿಡುವುದಿಲ್ಲವಾದ್ದರಿಂದ ಈ ಪ್ರತ್ಯೇಕತೆಯೇ ಅದರ ಮುಖ್ಯ ಬಲ.

ಜನ ಹೆಚ್ಚಾಗಿ ನೆಚ್ಚುವ ಪೆನ್‌ಡ್ರೈವೇ ಈ ಕೆಲಸಕ್ಕೆ ಅತ್ಯಂತ ದುರ್ಬಲವಾದುದು. ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿಗಳು ಮಾಹಿತಿಯನ್ನು ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶವಾಗಿ ಉಳಿಸುತ್ತವೆ. ವಿದ್ಯುತ್ ಸಂಪರ್ಕವಿಲ್ಲದೆ ಬಿದ್ದಿದ್ದರೆ ಆ ಅಂಶ ಮೆಲ್ಲನೆ ಸೋರಿಹೋಗುತ್ತದೆ, ಸೆಕೆ ಏರಿದಷ್ಟೂ ಬೇಗ ಸೋರುತ್ತದೆ. ಬರೆಯುವ ಮಿತಿಯನ್ನು ಪೂರ್ತಿ ಸವೆಸಿದ ಸಾಮಾನ್ಯ ಎಸ್‌ಎಸ್‌ಡಿಯು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿ ಕಾಪಾಡಿದರೆ ಸಾಕೆಂದು ಉದ್ಯಮದ ಮಾನದಂಡವೇ ಒಪ್ಪಿಕೊಂಡಿರುವಾಗ, ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಕಾಯುವ ಗದಗ ಸೀಮೆಯ ಕಪಾಟುಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ಮಾಹಿತಿಯನ್ನು ಕಾಂತೀಯ ಗುರುತುಗಳಾಗಿ ಇಡುವುದರಿಂದ ಸೋರಿಕೆಯ ಭಯ ಕಡಿಮೆ. ಆದರೆ ಅದರ ಯಂತ್ರಭಾಗಗಳು ಬಿದ್ದರೆ ಕೆಡುತ್ತವೆ, ವರ್ಷಗಟ್ಟಲೆ ಓಡಿಸದಿದ್ದರೂ ಕೈಕೊಡಬಹುದು. ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆಯುವ ಸಾಮಾನ್ಯ ಸಿಡಿ-ಡಿವಿಡಿಗಳು ಬೆಳಕು ಮತ್ತು ಶಾಖಕ್ಕೆ ಮಾಸುತ್ತವೆ. ಅದರ ಬದಲು ಅಜೈವಿಕ ಪದರವನ್ನು ಬಳಸುವ ಎಂ-ಡಿಸ್ಕ್ ಸಾವಿರ ವರ್ಷ ಬಾಳುತ್ತದೆ ಎಂಬುದು ತಯಾರಕರ ಮಾತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಓದುವ ಸಾಧನವೇ ಮಾಯವಾಗುತ್ತಿರುವಾಗ ಆ ಸಾವಿರ ವರ್ಷಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಬೇರೆಯೇ ಪ್ರಶ್ನೆ. ದೊಡ್ಡ ಸಂಸ್ಥೆಗಳು ಬಳಸುವ ಎಲ್‌ಟಿಒ ಎಂಬ ಕಾಂತೀಯ ಟೇಪು ತಕ್ಕ ತಂಪಿನಲ್ಲಿ 30 ವರ್ಷ ಉಳಿಯುವುದೆಂಬ ಎಣಿಕೆಯಿದ್ದರೂ ಅದರ ಡ್ರೈವಿನ ಬೆಲೆ ಲಕ್ಷಗಳಲ್ಲಿರುವುದರಿಂದ ಮನೆಗಾಗಲಿ ಸಣ್ಣ ಪ್ರೆಸ್ಸಿಗಾಗಲಿ ಅದು ಹೊಂದುವುದಿಲ್ಲ.

ಹೀಗಾಗಿ ಸಾಧನದ ಗುಣಕ್ಕಿಂತ ಪ್ರತಿಗಳ ಸಂಖ್ಯೆಯನ್ನು ನಂಬುವುದೇ ಲೇಸು. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ; ಹುಳು, ತೇವ, ಬೆಂಕಿಗಳಿಗೆ ಸುಲಭವಾಗಿ ತುತ್ತಾಗುವ ಓಲೆಗೆ ಆ ಕಾಲದಲ್ಲಿ ಇದ್ದ ದೃಢವಾದ ರಕ್ಷಣೆ ಅದೇ ಆಗಿತ್ತು. ಇಂದಿನ ಮನೆಗೆ ಸಾವಿರ ಬೇಡ: ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕುಗಳಲ್ಲಿ ಒಂದು ಹೊಂಬಳದಲ್ಲೂ ಇನ್ನೊಂದು ಗದಗಿನ ಬಂಧುಗಳ ಮನೆಯಲ್ಲೂ ಇದ್ದು, ವರ್ಷಕ್ಕೊಮ್ಮೆ ಎರಡನ್ನೂ ತೆರೆದು ಪರೀಕ್ಷಿಸಿ, ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸಿದರೆ ಸಾಕು. ತೀರ ಮುಖ್ಯವಾದ ಕೆಲವು ಕಡತಗಳನ್ನು ಮಾತ್ರ ಎಂ-ಡಿಸ್ಕಿಗೂ ಬರೆಯಬಹುದು.

ಕನ್ನಡದ ಕಡತಗಳಿಗೆ ಮತ್ತೊಂದು ತೊಡಕಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪಠ್ಯವು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆಯಾದ್ದರಿಂದ, ಡಿಸ್ಕು ಎಷ್ಟೇ ಗಟ್ಟಿಯಾಗಿದ್ದರೂ ಪುಸ್ತಕ ಕಳೆದಂತೆಯೇ. ಎಲ್ಲ ಭಾಷೆಗಳ ಅಕ್ಷರಗಳಿಗೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯುನಿಕೋಡ್‌ಗೆ ಅಂತಹ ಪಠ್ಯವನ್ನು ಪರಿವರ್ತಿಸಿ, ಜೊತೆಗೆ ಫಾಂಟನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟ ಬಳಿಕವೇ ಡಿಸ್ಕನ್ನು ಕಪಾಟಿಗೆ ಸೇರಿಸಬೇಕಾಗುತ್ತದೆ.